ಯೋಯೋ ತಿರುಗುವಷ್ಟು ಹೊತ್ತು

ನಮ್ಮ ಯಜಮಾನರು ಏಳು ಸೆಕೆಂಡಿನ ಮನುಷ್ಯ. ಇದು ನಾನು ಸಿಟ್ಟಿಗೆ ಹೇಳುವ ಮಾತಲ್ಲ. ಸಭಾಭವನದ ಗೋಡೆಯ ಮೇಲೆ ಊರಿನ ಗಂಡಸರ ಹೆಸರಿನ ಪಟ್ಟಿ ಬರೆದಿದ್ದಾರೆ, ಅದರಲ್ಲೇ ಹಾಗಿದೆ. ಪಟ್ಟಿಯ ನೆತ್ತಿಯಲ್ಲಿ ಅಧ್ಯಕ್ಷ ಮರಿಬಸಪ್ಪನವರು, ಒಂಬತ್ತು ನಿಮಿಷ. ಬುಡದಲ್ಲಿ ನಮ್ಮವರು, ನಿಂಗಾಜಪ್ಪ, ಏಳು ಸೆಕೆಂಡು. ಅವರಿಗಿಂತ ಕೆಳಗೆ ಒಂದು ಮೊಳೆ ಇದೆ, ಅದಕ್ಕೆ ಗುಮಾಸ್ತರು ಕೊಡೆ ನೇತುಹಾಕುತ್ತಾರೆ.

ನಮ್ಮೂರಲ್ಲಿ ಮನೆಯೊಳಗೆ, ಬೀದಿಯಲ್ಲಿ, ಮಾರ್ಕೆಟ್ಟಿನಲ್ಲಿ ಯಾರು ಎಷ್ಟು ಬೇಕಾದರೂ ಮಾತಾಡಬಹುದು, ಕೇಳುವವರು ದಿಕ್ಕಿಲ್ಲ. ಆದರೆ ಏನಾದರೂ ತೀರ್ಮಾನವಾಗುವ ಜಾಗದಲ್ಲಿ, ಅಂದರೆ ಊರ ಸಭೆ, ಸ್ಕೂಲಿನ ಕಮಿಟಿ, ದೇವಸ್ಥಾನದ ಕಮಿಟಿ, ಮದುವೆ ಮಾತುಕತೆ, ಇಂಥ ಕಡೆ ಬಾಯಿ ತೆರೆಯಬೇಕಾದರೆ ಕೈಯಲ್ಲಿ ಯೋಯೋ ಇರಬೇಕು. ಬೆರಳಿಗೆ ಹುರಿ ಸಿಕ್ಕಿಸಿ ಎಸೆಯಬೇಕು. ಅದು ಹುರಿಯ ತುದಿಯಲ್ಲಿ ನಿಂತು ತಿರುಗುತ್ತಿರುವಷ್ಟು ಹೊತ್ತು ನಿಮ್ಮ ಮಾತು. ಮೇಲೆ ಬಂದು ಅಂಗೈ ಸೇರಿತೋ, ಬಾಯಿ ಮುಚ್ಚಬೇಕು. ಒಂದು ಸಭೆಗೆ ಒಬ್ಬರಿಗೆ ಒಂದೇ ಎಸೆತ.

ಇನ್ನೊಂದು ಕಟ್ಟಳೆ ಇದೆ. ಒಬ್ಬರ ಯೋಯೋ ತಿರುಗುತ್ತಿರುವಾಗ ಮಿಕ್ಕವರು ಕೂತಲ್ಲಿಂದ ಏಳುವ ಹಾಗಿಲ್ಲ. ಎದ್ದರೆ ಆ ಕ್ಷಣವೇ ಗುಮಾಸ್ತರು ಕತ್ತರಿ ತಂದು ಎದ್ದವರ ಹುರಿ ಕತ್ತರಿಸುತ್ತಾರೆ, ಆಯುಷ್ಯವಿಡೀ ಅವರಿಗೆ ಸಭೆಯಲ್ಲಿ ಮಾತಿಲ್ಲ. ಅನಂತಯ್ಯ ಮೇಷ್ಟ್ರಿಗೆ ಹಾಗಾಯಿತು. ಪಾಪ, ಪಂಚೆಯೊಳಗೆ ಚೇಳು ಹೊಕ್ಕು ಎದ್ದರು. ಚೇಳಿನ ವಿಷ ಎರಡು ದಿನಕ್ಕೆ ಇಳಿಯಿತು, ಹುರಿ ಹೋದದ್ದು ಹೋಯಿತು. ಆಮೇಲೆ ಸ್ವಂತ ಮಗಳ ಮದುವೆ ಮಾತುಕತೆಯಲ್ಲಿ ಸುಮ್ಮನೆ ತಲೆಯಾಡಿಸುತ್ತಾ ಕೂತಿದ್ದರು. ಬೇಡವೆಂದು ಆಡಿಸಿದರೋ ಸರಿಯೆಂದು ಆಡಿಸಿದರೋ ದೇವರಿಗೇ ಗೊತ್ತು, ಗಂಡಿನ ಕಡೆಯವರು ತಮಗೆ ಬೇಕಾದ ಹಾಗೆ ತಿಳಿದುಕೊಂಡರು.

ಹೀಗಿರುವಾಗ ನಮ್ಮೂರನ್ನು ಆಳುವವರು ಎಂಥವರು ಅಂತ ನಾನು ಬಿಡಿಸಿ ಹೇಳಬೇಕೆ? ಮಣಿಕಟ್ಟು ಗಟ್ಟಿ ಇದ್ದವರು. ಹೇಳುವುದಕ್ಕೆ ಏನಾದರೂ ಇದೆಯೇ ಅಂತ ಅವರನ್ನು ಯಾರೂ ಕೇಳಿದವರಿಲ್ಲ. ಮರಿಬಸಪ್ಪನವರು ಎಸೆದರೆಂದರೆ ಅವರ ಬೀಟೆ ಮರದ ಯೋಯೋ ನೆಲದಿಂದ ಗೇಣು ಎತ್ತರದಲ್ಲಿ ನಿಂತು ಗುಂಯ್ ಅನ್ನುತ್ತದೆ. ಅವರೂ ಅದರ ಜೊತೆ ಗುಂಯ್ ಅನ್ನುತ್ತಾರೆ. ‘ಈ ಒಂದು ಸಂದರ್ಭದಲ್ಲಿ ಹಾಗೆ ನೋಡಿದರೆ ಒಂದು ರೀತಿಯಲ್ಲಿ ಹೇಳಬೇಕೆಂದರೆ’ ಅನ್ನುವಷ್ಟಕ್ಕೇ ನಾಲ್ಕು ನಿಮಿಷ ಆಗಿರುತ್ತದೆ. ಮಿಕ್ಕ ಐದು ನಿಮಿಷ ಅದನ್ನೇ ಹಿಂದುಮುಂದು ಮಾಡುತ್ತಾರೆ. ಜನ ಹುರಿಯನ್ನು ನೋಡುತ್ತಾ ‘ಆಹಾ, ಏನು ನಿಲುವು’ ಅಂತ ಚಪ್ಪಾಳೆ ತಟ್ಟುತ್ತಾರೆ. ಅವರು ಏನು ಹೇಳಿದರು ಅಂತ ಹೊರಗೆ ಬಂದವರನ್ನು ಕೇಳಿ ನೋಡಿ, ಒಂಬತ್ತು ನಿಮಿಷ ಹೇಳಿದರು ಅನ್ನುತ್ತಾರೆ.

ಹೆಣ್ಣುಮಕ್ಕಳಿಗೆ ಯೋಯೋ ಬಾರದೆಂದು ತಿಳಿಯಬೇಡಿ. ಚಿಕ್ಕವರಿದ್ದಾಗ ನಾವೂ ಆಡಿದವರೇ. ನಮ್ಮಪ್ಪ ಬಡಗಿ. ನನಗೆ ಹಲಸಿನ ಮರದ್ದೊಂದನ್ನು ಕಡೆದುಕೊಟ್ಟಿದ್ದ, ಅಂಗೈಗೆ ಹೇಳಿ ಮಾಡಿಸಿದ ಹಾಗಿತ್ತು. ಹನ್ನೆರಡನೇ ವಯಸ್ಸಿಗೆ ನನ್ನದು ಎರಡು ನಿಮಿಷ ನಲವತ್ತು ಸೆಕೆಂಡು ನಿಲ್ಲುತ್ತಿತ್ತು. ಸ್ಕೂಲಿನ ಕಮಿಟಿಯಲ್ಲಿ ಎದ್ದು ನಿಂತು ಉಪ್ಪಿಟ್ಟಿನಲ್ಲಿ ಹುಳ ಇದೆ ಅಂತ ಹೇಳಿದವಳೂ ನಾನೇ. ಆಮೇಲೆ ಮದುವೆಯಾಯಿತು. ನಮ್ಮಲ್ಲಿ ತಾಳಿ ಕಟ್ಟಿದ ಮೇಲೆ ಅತ್ತೆಯಾದವಳು ಸೊಸೆಯ ಯೋಯೋದ ಹುರಿ ಕತ್ತರಿಸಿ, ಯೋಯೋವನ್ನು ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಡುವುದು ಪದ್ಧತಿ. “ಇನ್ಮೇಲೆ ನಿನ್ನ ಮಾತೆಲ್ಲಾ ನಿನ್ನ ಗಂಡನ ಹುರೀಲೇ ಕಣಮ್ಮ,” ಅಂದರು ನಮ್ಮತ್ತೆ. ಹೆಂಗಸರು ಎಸೆಯಬಾರದು ಅಂತ ಯಾವ ಕಾಯಿದೆಯಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ಮದುವೆಯಾದ ಮೂರನೇ ದಿನವೇ ನಮ್ಮವರ ಯೋಯೋ ನೋಡಿದೆ. ನಡುವಿನ ಕಡ್ಡಿಗೆ ಹುರಿಯನ್ನು ಎರಡು ಸುತ್ತು ಹಾಕಿದ್ದರು. ಹಾಗೆ ಹಾಕಿದರೆ ಅದು ಕೆಳಗೆ ನಿಲ್ಲುವುದೆಲ್ಲಿಂದ ಬಂತು? ಹುರಿ ಕಚ್ಚಿಕೊಂಡು ಓಡಿ ಬರುತ್ತದೆ. ಒಂದೇ ಸುತ್ತು, ಅದೂ ಸಡಿಲವಾಗಿ ಇರಬೇಕು. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ಮದುವೆಯ ಸಾರಿಗೆ ಉಪ್ಪು ಕಡಿಮೆಯಿದ್ದದ್ದರ ಬಗ್ಗೆ ಮಾತು ಶುರು ಮಾಡಿದರು. ಅರ್ಧ ಗಂಟೆಯಾದರೂ ನಿಲ್ಲಿಸಲಿಲ್ಲ. ಮನೆಯಲ್ಲೇ ಹೀಗೆ, ಇನ್ನು ಊರ ಮುಂದೆ ಈ ಮಹಾನುಭಾವನ ಮಾತು ಬೆಳೆದರೆ ನನ್ನ ಮಾನ ಉಳಿಯುವುದಿಲ್ಲ ಅನ್ನಿಸಿತು. ತೆರೆದ ಬಾಯಿ ಮುಚ್ಚಿದೆ. ಮೂವತ್ತಮೂರು ವರ್ಷ ಮುಚ್ಚಿಕೊಂಡೇ ಇದ್ದೆ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಅದು ನನಗೂ ತಟ್ಟಿತು.

ನಾನು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ಚೆಲುವಾಜಮ್ಮ. ಎಡಕ್ಕೆ ಹೂವಿನ ತಾಯಮ್ಮ, ಬಲಕ್ಕೆ ಮೊಟ್ಟೆ ಮಾರುವ ಮೆಹಬೂಬಿ. ಎಲ್ಲಾ ಸೇರಿ ಮೂವತ್ತೊಂದು ಜನ ಹೆಂಗಸರು. ಬೆಳಕು ಹರಿಯುವ ಮೊದಲು ಬಂದು ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಎಂಟು ವರ್ಷದ ಹಿಂದೆ ಯಾರದೋ ಪುಣ್ಯದಿಂದ ಮಾರ್ಕೆಟ್ಟಿನ ಮೂಲೆಯಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿದರು. ಎರಡು ಬಾಗಿಲು, ಒಂದು ನಲ್ಲಿ. ಅದಕ್ಕೆ ಮುಂಚೆ ಹೇಗಿದ್ದೆವು ಅನ್ನುವುದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನೀರು ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿದರೂ ಒಂದು ಗುಟುಕು ಕುಡಿಯುತ್ತಿರಲಿಲ್ಲ. ಸೊಪ್ಪಿಗೆ ಚಿಮುಕಿಸುವ ನೀರನ್ನು ನೋಡಿಕೊಂಡು ಕೂತಿರುತ್ತಿದ್ದೆವು. ತಾಯಮ್ಮನಿಗೆ ಉರಿಮೂತ್ರವಾಗಿ, ಅದು ಕಿಡ್ನಿಗೆ ಏರಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಗಂಡಸರಿಗೇನು, ಊರಿನ ಗೋಡೆಗಳೆಲ್ಲಾ ಅವರವೇ.

ಆ ಶೌಚಾಲಯವನ್ನು ಕೆಡವುತ್ತಾರೆ ಅಂತ ಸುದ್ದಿ ಬಂತು. ಯಾಕೆಂದರೆ ಆ ಜಾಗದಲ್ಲಿ ಯೋಯೋದ ಪ್ರತಿಮೆ ನಿಲ್ಲಿಸಬೇಕಂತೆ. ಇಪ್ಪತ್ತು ಅಡಿ ಎತ್ತರ, ಕಂಚಿನದ್ದು, ಮೇಲೆ ಒಂದು ಕೈ, ಕೆಳಗೆ ಯೋಯೋ. ಕೈ ಯಾರದ್ದು ಅಂತ ಠರಾವಿನಲ್ಲಿ ಬರೆದಿರಲಿಲ್ಲ, ಆದರೆ ಮರಿಬಸಪ್ಪನವರು ಎರಡು ದಿನ ಶಿಲ್ಪಿಯ ಮುಂದೆ ಕೈ ಚಾಚಿಕೊಂಡು ಕೂತಿದ್ದನ್ನು ಊರೆಲ್ಲಾ ನೋಡಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಈ ತಿಂಗಳ ಸಭೆಯಲ್ಲಿ ಚರ್ಚೆ, ಮುಂದಿನ ತಿಂಗಳ ಸಭೆಯಲ್ಲಿ ತೀರ್ಮಾನ.

ಮೂವತ್ತೊಂದು ಹೆಂಗಸರ ಗಂಡಂದಿರಲ್ಲಿ ಬದುಕಿರುವವರು ಹತ್ತೊಂಬತ್ತು, ಅದರಲ್ಲಿ ಬೆಳಗಿನ ಹೊತ್ತು ನೆಟ್ಟಗೆ ನಿಲ್ಲುವವರು ಆರು, ಆ ಆರರಲ್ಲಿ ಸಭೆಗೆ ಹೋಗಲು ಒಪ್ಪಿದವರು ನಮ್ಮವರೊಬ್ಬರೇ. ಅಷ್ಟು ಮಟ್ಟಿಗೆ ಒಳ್ಳೆಯವರು, ಇಲ್ಲವೆನ್ನುವುದಿಲ್ಲ. ಇಡೀ ವಾರ ನಾನು ಅವರಿಗೆ ಪಾಠ ಹೇಳಿಕೊಟ್ಟೆ. “ನೋಡ್ರಿ, ಏಳು ಸೆಕೆಂಡು ಸಾಕು. ‘ಆ ಶೌಚಾಲಯ ಕೆಡವಬೇಡಿ, ಮೂವತ್ತೊಂದು ಹೆಂಗಸರಿಗೆ ಬೇರೆ ಗತಿಯಿಲ್ಲ’ ಅನ್ನಿ. ಇನ್ನೇನೂ ಅನ್ನಬೇಡಿ.”

“ಅಷ್ಟೂ ಗೊತ್ತಾಗಲ್ವಾ ನಂಗೆ? ನೀನು ಸುಮ್ನಿರು,” ಅಂದರು.

ಸಭೆಯ ದಿನ ಹೆಂಗಸರೆಲ್ಲಾ ಕಿಟಕಿಯ ಹೊರಗೆ ನಿಂತಿದ್ದೆವು. ನಮ್ಮವರು ಇಸ್ತ್ರಿ ಅಂಗಿ ಹಾಕಿಕೊಂಡು ಎದ್ದು ನಿಂತರು, ಗಂಟಲು ಸರಿಮಾಡಿಕೊಂಡರು, ಎಸೆದರು. “ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಸಭೆಗೆ ಆಗಮಿಸಿರುವ ಸಮಸ್ತ ನಾಗರಿಕ ಬಂಧುಗಳೇ, ಎಲ್ಲರಿಗೂ ನನ್ನ ಹೃತ್ಪೂರ್ವಕ...” ಟಪ್ ಅಂತ ಯೋಯೋ ಅಂಗೈಗೆ ಬಂದು ಕೂತಿತು. ನಮಸ್ಕಾರ ಕೂಡ ಪೂರ್ತಿ ಆಗಲಿಲ್ಲ. ಸಭೆಯವರು ಚಪ್ಪಾಳೆ ತಟ್ಟಿದರು. ಗುಮಾಸ್ತರು ಪುಸ್ತಕದಲ್ಲಿ ‘ನಿಂಗಾಜಪ್ಪನವರು ಸಭೆಗೆ ಶುಭ ಕೋರಿದರು’ ಅಂತ ಬರೆದುಕೊಂಡರು. ಇವರು ಹೊರಗೆ ಬಂದು, “ಹೆಂಗಿತ್ತು?” ಅಂದರು.

ಹೆಂಗಿತ್ತು ಅಂತೆ. ನನಗೆ ಅಳು ಬಂತು, ನಗುವೂ ಬಂತು. ಮನುಷ್ಯನಿಗೆ ಅರವತ್ತು ವರ್ಷ, ಹುರಿ ಸುತ್ತುವುದು ಬಾರದು. ಬಾರದಂತೆ ನೋಡಿಕೊಂಡವಳು ನಾನು. ಅವರನ್ನು ಬೈಯಲು ನನಗೆ ಬಾಯಿ ಎಲ್ಲಿತ್ತು?

ಮಾರನೇ ದಿನ ಸ್ನಾನ ಮಾಡಿ ದೇವರ ಗೂಡಿಗೆ ಕೈ ಹಾಕಿದೆ. ಮೂವತ್ತಮೂರು ವರ್ಷದ ಅರಿಶಿನ ಕುಂಕುಮ ಗಟ್ಟಿಯಾಗಿ, ಯೋಯೋ ಬೆಲ್ಲದ ಅಚ್ಚಿನ ಹಾಗೆ ಕಾಣುತ್ತಿತ್ತು. ಹುಣಿಸೆ ನೀರಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದೆ. ಒಳಗಿನಿಂದ ನಮ್ಮಪ್ಪ ಕಡೆದ ಹಲಸಿನ ಹಳದಿ ಬಣ್ಣ ಹೊರಗೆ ಬಂತು. ಅಪ್ಪ ಹೋಗಿ ಇಪ್ಪತ್ತು ವರ್ಷ. ಬಚ್ಚಲಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಹುರಿ ಹುಡುಕಲು ಹೊರಟೆ.

ಮೊದಲು ತಾಯಮ್ಮನ ಬಾಳೆನಾರು ಕಟ್ಟಿ ನೋಡಿದೆ, ಎರಡನೇ ಎಸೆತಕ್ಕೆ ಕಿತ್ತುಹೋಗಿ ಯೋಯೋ ಕುಂಬಳಕಾಯಿ ಅಂಗಡಿಯವರೆಗೆ ಉರುಳಿತು. ಗೋಣಿ ಹೊಲಿಯುವ ದಾರ ತಂದೆ, ಬೆರಳು ಕುಯ್ಯಿತು. ಕೊನೆಗೆ ಹತ್ತಿಯ ನೂಲನ್ನು ಎರಡೆಳೆ ಮಾಡಿ, ತೊಡೆಯ ಮೇಲೆ ಹೊಸೆದು, ಹೊಕ್ಕುಳಿನ ಮಟ್ಟಕ್ಕೆ ಅಳೆದು ಕತ್ತರಿಸಿಕೊಂಡೆ. ಕಡ್ಡಿಗೆ ಒಂದೇ ಸುತ್ತು, ಸಡಿಲವಾಗಿ. ಕೈ ಮರೆತಿರಲಿಲ್ಲ ಅನ್ನುತ್ತೀರಾ? ಎಲ್ಲಾ ಮರೆತಿತ್ತು. ಮೊದಲನೇ ದಿನ ಅದು ಮೆಹಬೂಬಿಯ ಮೊಟ್ಟೆಯ ತಟ್ಟೆಗೆ ಬಿತ್ತು. ಎರಡನೇ ದಿನ ಸಬ್ಬಸಿಗೆ ಸೊಪ್ಪು ಕೊಳ್ಳಲು ಬಗ್ಗಿದ ಪೋಸ್ಟ್‌ಮಾಸ್ಟರರ ಹೆಂಡತಿಯ ಹಣೆಗೆ ತಾಗಿತು, ಆಕೆಗೆ ಎರಡು ಕಟ್ಟು ಮೆಂತ್ಯ ಪುಕ್ಕಟೆ ಕೊಟ್ಟು ಸಮಾಧಾನ ಮಾಡಿದೆ. ನಡುಬೆರಳು ಕಪ್ಪಿಟ್ಟಿತು, ಮೊಣಕೈ ಊದಿತು. ಕೆಳಗೆ ಹೋದದ್ದು ಮೇಲೆ ಬಾರದೆ ನಾಯಿಯ ನಾಲಿಗೆಯ ಹಾಗೆ ಜೋತಾಡುತ್ತಿತ್ತು.

ಈರುಳ್ಳಿ ಮಂಡಿಯ ಗಂಡಸರಿಗೆ ಒಳ್ಳೆ ಬಿಟ್ಟಿ ನಾಟಕ. “ಏನ್ ಚೆಲುವಾಜಕ್ಕ, ಮೊಮ್ಮಕ್ಕಳಾದ ಮೇಲೆ ಮತ್ತೆ ಆಟದ ಸಾಮಾನು ಬೇಕಾಯ್ತಾ?” ಅಂದ ಒಬ್ಬ.

“ಹೂಂ ಕಣಪ್ಪಾ. ನಿಂಗೆ ಮೀಸೆ ಬಂದ್ಮೇಲೂ ಇಸ್ಪೀಟು ಬೇಕಲ್ಲ, ಹಂಗೆ,” ಅಂದೆ.

ಹತ್ತನೇ ದಿನ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು. ಸುಮ್ಮನೆ, ಏನೂ ಯೋಚಿಸದೆ, ಮಣಿಕಟ್ಟು ಸಡಿಲ ಬಿಟ್ಟು ಎಸೆದೆ. ಅದು ಹೋಗಿ ಹುರಿಯ ತುದಿಯಲ್ಲಿ ನಿಂತುಬಿಟ್ಟಿತು. ಅಲ್ಲಾಡದೆ ನಿಂತಿತು. ಕಿವಿಗೆ ಸಣ್ಣಗೆ ಶಬ್ದ ಬರುತ್ತಿತ್ತು, ಬೆರಳಿಗೆ ನಡುಕ ತಾಗುತ್ತಿತ್ತು. ನನ್ನ ಮೈಯಲ್ಲಿ ಎಲ್ಲೋ ಹನ್ನೆರಡು ವರ್ಷದ ಹುಡುಗಿ ಎದ್ದು ಕೂತಳು ಅಂತಲೇ ಅನ್ನಿಸಿತು. ಅಯ್ಯೋ, ಎಷ್ಟು ಖುಷಿಯಾಯಿತು! ಶೌಚಾಲಯ, ಅಧ್ಯಕ್ಷ, ಸೊಪ್ಪು ಎಲ್ಲಾ ಮರೆತು ನಿಂತಿದ್ದೆ. ಮೆಹಬೂಬಿ ತನ್ನ ಕೈಗಡಿಯಾರ ನೋಡಿ, “ಒಂದೂ ಕಾಲು ನಿಮಿಷ ಆಯ್ತು ಅಕ್ಕಾ,” ಅಂದಳು. ಅವಳ ಕಣ್ಣಲ್ಲಿ ನೀರಿತ್ತು. “ನಂದೂ ಮನೇಲಿದೆ. ಟ್ರಂಕಿನಲ್ಲಿ.”

ಮರುದಿನ ಅವಳು ತಂದಳು. ಅದರ ಮರುದಿನ ತಾಯಮ್ಮ. ವಾರ ಕಳೆಯುವುದರೊಳಗೆ ಗೂಡಿನಿಂದ, ಟ್ರಂಕಿನಿಂದ, ಹಳೆ ತೊಟ್ಟಿಲಿನಿಂದ ಮೂವತ್ತೊಂದು ಯೋಯೋ ಹೊರಗೆ ಬಂದವು. ಮಧ್ಯಾಹ್ನ ಎರಡರಿಂದ ಮೂರು ಗಂಟೆ ನಮ್ಮ ಆಟದ ಹೊತ್ತು. ಕೆಲವರದ್ದು ಎರಡು ನಿಮಿಷ, ಕೆಲವರದ್ದು ಮೂರು. ಹೂ ಕಟ್ಟಿ ಕಟ್ಟಿ ಬೆರಳು ಪಳಗಿದ್ದ ತಾಯಮ್ಮನದ್ದು ಐದಕ್ಕೆ ಹೋಯಿತು. ಗಂಡಸರು ನಗುವುದನ್ನು ನಿಲ್ಲಿಸಿ ದೂರದಿಂದ ಕಳ್ಳನೋಟ ನೋಡತೊಡಗಿದರು. ನಾವು ಏನು ಮಾತಾಡಬೇಕು ಅನ್ನುವುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಮಾತೇನು, ಎಲ್ಲರದ್ದೂ ಒಂದೇ ಮಾತು.

ತೀರ್ಮಾನದ ಸಭೆ ಮಟಮಟ ಮಧ್ಯಾಹ್ನ ಶುರುವಾಯಿತು. ನೆತ್ತಿ ಸುಡುವ ಬಿಸಿಲು. ಈ ಸಲ ನಾವು ಮೂವತ್ತೊಂದು ಜನವೂ ಒಳಗೆ ಬಂದು, ನಮಗೆ ಕುರ್ಚಿ ಇಲ್ಲದ್ದರಿಂದ ಬಾಗಿಲ ಬಳಿ ಸಾಲಾಗಿ ನಿಂತಿದ್ದೆವು. ಹನ್ನೊಂದು ಸದಸ್ಯರಿಗೂ ಬರುತ್ತಿದ್ದಂತೆಯೇ ಎಳನೀರು ಕೊಟ್ಟರು, ಆಮೇಲೆ ಪಾನಕ ಬಂತು. ಮರಿಬಸಪ್ಪನವರು ಪ್ರತಿಮೆಯ ಬಗ್ಗೆ ಒಂಬತ್ತು ನಿಮಿಷ ಗುಂಯ್‌ಗುಟ್ಟಿ, ಗಂಟಲು ಒಣಗಿ, ಮೂರು ದೊಡ್ಡ ಲೋಟ ಮಜ್ಜಿಗೆ ಕುಡಿದರು. ಇನ್ನಿಬ್ಬರು ಸದಸ್ಯರು ಎದ್ದು ಪ್ರತಿಮೆಯ ಕೈಯಲ್ಲಿ ಉಂಗುರ ಇರಬೇಕೋ ಬೇಡವೋ ಅಂತ ಹನ್ನೊಂದು ನಿಮಿಷ ಚರ್ಚೆ ಮಾಡಿದರು. ಎಲ್ಲರೂ ಮತ್ತೆ ಮಜ್ಜಿಗೆ ಕುಡಿದರು. ಆಮೇಲೆ ಗುಮಾಸ್ತರು, “ಸಾರ್ವಜನಿಕರು ಯಾರಾದರೂ?” ಅಂತ ಕಾಟಾಚಾರಕ್ಕೆ ಕೇಳಿ ಪುಸ್ತಕ ಮುಚ್ಚಲು ಹೋದರು.

ನಾನು ಮುಂದೆ ಬಂದೆ. ಸೊಂಟದಿಂದ ಯೋಯೋ ತೆಗೆದೆ. ಸಭೆಯಲ್ಲಿ ಕಿಸಕ್ಕೆಂದು ನಗು. “ಇದೇನಮ್ಮಾ ಇದು? ನಿಮ್ಮ ಯಜಮಾನ್ರು ಹೋದ ತಿಂಗಳೇ ಶುಭ ಕೋರಿದ್ರಲ್ಲ?” ಅಂದರು ಗುಮಾಸ್ತರು.

“ಅವರ ಶುಭ ಅವರದ್ದು. ಹೆಂಗಸು ಎಸೀಬಾರ್ದು ಅಂತ ಎಲ್ಲಾದ್ರೂ ಬರ್ದಿದ್ರೆ ತೋರ್ಸಿ, ಹೊರಟ್ಹೋಗ್ತೀನಿ,” ಅಂದೆ. ಅವರು ಕಾಯಿದೆ ಪುಸ್ತಕ ತಿರುವಿ ಹಾಕಿದರು. ಇದ್ದರೆ ತಾನೆ ಸಿಗಲು?

ಬೆರಳಿಗೆ ಹುರಿ ಸಿಕ್ಕಿಸಿದೆ. ಎಸೆದೆ. ನಿಂತಿತು. “ಆ ಶೌಚಾಲಯ ಕೆಡವಬೇಡಿ ಸ್ವಾಮಿ. ನಾವು ಮೂವತ್ತೊಂದು ಜನ ಇದ್ದೀವಿ. ಬೆಳಿಗ್ಗೆಯಿಂದ ಸಂಜೆ ತನಕ ಅಲ್ಲೇ ಇರ್ತೀವಿ. ಅದೊಂದು ಇಲ್ದಿದ್ರೆ ನಾವು ನೀರು ಕುಡಿಯೋ ಹಂಗಿಲ್ಲ. ನಿಮಗಿರೋ ಮೈಯೇ ನಮಗೂ ಇರೋದು,” ಅಂದೆ.

ಅಷ್ಟೆ. ಮುಗಿಯಿತು. ಯೋಯೋ ಮಾತ್ರ ಇನ್ನೂ ತಿರುಗುತ್ತಿತ್ತು. ನನಗೆ ಹೇಳುವುದಕ್ಕೆ ಇನ್ನೇನೂ ಇರಲಿಲ್ಲ, ಸುಮ್ಮನೆ ನಿಂತೆ. ನಮ್ಮೂರ ಸಭೆಯಲ್ಲಿ ಯೋಯೋ ತಿರುಗುತ್ತಿರುವಾಗ ಯಾರೂ ಸುಮ್ಮನಿದ್ದದ್ದೇ ಇಲ್ಲ. ಏನಿಲ್ಲದಿದ್ದರೆ ‘ಒಂದು ರೀತಿಯಲ್ಲಿ’ ಅಂತಲಾದರೂ ಅನ್ನುತ್ತಾರೆ. ಸದಸ್ಯರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಒಬ್ಬರು ಸೂರು ನೋಡಿದರು, ಒಬ್ಬರು ಉಗುರು ನೋಡಿಕೊಂಡರು. ಎರಡು ನಿಮಿಷ ಕಳೆಯಿತು.

ಮಾರ್ಕೆಟ್ಟಿನಲ್ಲಿ ನಮ್ಮದೊಂದು ಅಭ್ಯಾಸವಿದೆ. ಅಂಗಡಿ ಖಾಲಿ ಬಿಡುವುದಿಲ್ಲ. ಒಬ್ಬಳು ಬಚ್ಚಲಿಗೆ ಏಳುವ ಮೊದಲೇ ಪಕ್ಕದವಳು ಸರಿದು ಬಂದು ಕೂತಿರುತ್ತಾಳೆ, ಇಲ್ಲದಿದ್ದರೆ ಹಸು ಬಾಯಿ ಹಾಕುತ್ತದೆ. ಅದೇ ರೂಢಿಯಲ್ಲಿ, ನನ್ನ ಯೋಯೋ ಮೇಲೆ ಬರುವ ಮೊದಲೇ ತಾಯಮ್ಮ ಸರಿದು ಬಂದು ನನ್ನ ಪಕ್ಕ ನಿಂತು ತನ್ನದನ್ನು ಎಸೆದಳು. ಏಳಬಾರದು ಅನ್ನುವ ಕಟ್ಟಳೆ ಕೂತವರಿಗೆ, ನಾವು ಮೊದಲಿಂದ ನಿಂತೇ ಇದ್ದವರು. ಅವಳೂ, “ಕೆಡವಬೇಡಿ ಬುದ್ಧಿ, ನಾನು ಹನ್ನೊಂದು ದಿನ ಆಸ್ಪತ್ರೇಲಿದ್ದೆ,” ಅಂದಳು, ಸುಮ್ಮನಾದಳು. ಐದು ನಿಮಿಷ. ಅವಳದ್ದು ಕೈ ಸೇರುವ ಮೊದಲು ಮೆಹಬೂಬಿ ಎಸೆದಳು. “ನಮ್ಮ ಸೊಸೆ ಬಸುರಿ. ಅವಳೆಲ್ಲಿಗೆ ಹೋಗ್ಬೇಕು ಸಾಬ್?” ಅಂದಳು, ಸುಮ್ಮನಾದಳು. ಮೂರು ನಿಮಿಷ. ಹೀಗೆ ಒಬ್ಬಳಾದ ಮೇಲೆ ಒಬ್ಬಳು. ಇದರಲ್ಲಿ ನಮ್ಮ ಕುತಂತ್ರ ಏನೂ ಇರಲಿಲ್ಲ ಅಂತ ಆಣೆ ಮಾಡಿ ಹೇಳುತ್ತೇನೆ. ಕುತಂತ್ರ ಶುರುವಾದದ್ದು ಒಂಬತ್ತನೆಯವಳ ಹೊತ್ತಿಗೆ.

ಆಗ ಮೆಹಬೂಬಿ ನನ್ನ ಸೆರಗು ಎಳೆದು, “ಅಕ್ಕಾ, ಅಧ್ಯಕ್ಷರ ಕಾಲು ನೋಡು,” ಅಂತ ಪಿಸುಗುಟ್ಟಿದಳು. ನೋಡಿದೆ. ಮೇಜಿನ ಕೆಳಗೆ ಮರಿಬಸಪ್ಪನವರ ಎರಡು ಮಂಡಿ ಒಂದಕ್ಕೊಂದು ಒತ್ತಿಕೊಂಡಿದ್ದವು, ಪಾದ ನೆಲ ಕೆರೆಯುತ್ತಿತ್ತು. ಹಣೆಯಲ್ಲಿ ಬೆವರು. ಪಕ್ಕದ ಸದಸ್ಯರು ಶಾಲನ್ನು ತೊಡೆಯ ಮೇಲೆ ಮುದ್ದೆ ಮಾಡಿಟ್ಟುಕೊಂಡು ಅದನ್ನು ಎರಡೂ ಕೈಯಲ್ಲಿ ಅದುಮುತ್ತಿದ್ದರು. ಇನ್ನೊಬ್ಬರು ಕಣ್ಣು ಮುಚ್ಚಿ ಏನೋ ಮಂತ್ರ ಜಪಿಸುತ್ತಿದ್ದರು. ಎಳನೀರು, ಪಾನಕ, ಮಜ್ಜಿಗೆ. ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ, ಆವತ್ತು ಹನ್ನೊಂದು ಕೊಡಗಳು ತುಳುಕುವುದಕ್ಕೆ ಬಂದಿದ್ದವು. ಏಳುವ ಹಾಗಿಲ್ಲ, ಎದ್ದರೆ ಹುರಿ ಹೋಗುತ್ತದೆ. ಹುರಿ ಹೋದರೆ ಅವರಲ್ಲಿ ಉಳಿಯುವುದೇನು?

ನನಗೆ ಒಂದು ಗಳಿಗೆ ಪಾಪ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಒಂದೇ ಗಳಿಗೆ. ಆಮೇಲೆ ಬೇಸಿಗೆಯಲ್ಲಿ ಕಾಲು ಕತ್ತರಿ ಹಾಕಿಕೊಂಡು ಕೂತು ತೂಕ ಹಾಕುತ್ತಿದ್ದ ಮಧ್ಯಾಹ್ನಗಳೆಲ್ಲಾ ನೆನಪಾದವು. ಹಿಂದೆ ತಿರುಗಿ ಮಿಕ್ಕ ಹೆಂಗಸರಿಗೆ ಪಿಸುದನಿಯಲ್ಲಿ, “ನಿಧಾನಕ್ಕೆ ಕಣ್ರೇ. ಅವಸರ ಏನಿಲ್ಲ. ಚೆನ್ನಾಗಿ ಬೀಸಿ ಎಸೀರಿ,” ಅಂದೆ. ಇಪ್ಪತ್ತೆರಡು ಜನ ಬಾಕಿಯಿದ್ದರು.

ಹತ್ತನೆಯವಳು ನಾಲ್ಕು ನಿಮಿಷ. ಹನ್ನೊಂದನೆಯವಳು ಮೂರೂವರೆ. ಹನ್ನೆರಡನೆಯವಳು, ಬಳೆ ಮಾರುವ ಗಟ್ಟಿಗಿತ್ತಿ, ಏನೂ ಹೇಳದೆ ಅಧ್ಯಕ್ಷರ ಮುಖವನ್ನೇ ನೋಡುತ್ತಾ ನಿಂತಳು. ಸಭೆಯಲ್ಲಿ ಹುರಿಯ ಶಬ್ದವೊಂದೇ. ಹೊರಗೆ ಯಾರೋ ಪುಣ್ಯಾತ್ಮರು ನಲ್ಲಿ ತಿರುಗಿಸಿ ಬಿಂದಿಗೆಗೆ ನೀರು ಹಿಡಿಯತೊಡಗಿದರು. ಸೊರ್ರ್ ಅನ್ನುವ ಆ ಶಬ್ದಕ್ಕೆ ಶಾಲಿನ ಸದಸ್ಯರು ‘ಶಿವನೇ’ ಅಂತ ನರಳಿದರು.

ಸಭೆ ಮುಗಿಸುವ ಹಕ್ಕು ಅಧ್ಯಕ್ಷರಿಗಿದೆ. ಯಾರದ್ದೇ ಮಾತಿನ ನಡುವೆಯೂ ಅವರು ಕೂತಲ್ಲಿಂದಲೇ ಇನ್ನೊಮ್ಮೆ ಎಸೆದು ತೀರ್ಮಾನ ಹೇಳಬಹುದು. ಆದರೆ ಅದನ್ನೂ ಯೋಯೋ ತಿರುಗುವಷ್ಟು ಹೊತ್ತಿನಲ್ಲೇ ಹೇಳಬೇಕು, ಹೇಳಿದ್ದೇ ಕೊನೆ. ಹದಿನಾಲ್ಕನೆಯವಳು ಎಸೆದಾಗ ಮರಿಬಸಪ್ಪನವರ ಕೈ ಬೀಟೆಯ ಯೋಯೋದ ಕಡೆ ಹೋಯಿತು. ಒಂಬತ್ತು ನಿಮಿಷದ ಮನುಷ್ಯ. ಒಂದು ರೀತಿಯಲ್ಲಿ ಅಂತ ಸುತ್ತಿ ಬಳಸಿ ‘ಕೆಡವಿ’ ಅಂದುಬಿಟ್ಟರೆ ನಮ್ಮ ಕಥೆ ಮುಗಿಯಿತು.

ಎಸೆಯಬೇಕಾದರೆ ಮೈ ಸಡಿಲ ಬಿಡಬೇಕು. ಯೋಯೋ ಆಡಿದ ಯಾರನ್ನಾದರೂ ಕೇಳಿ. ಮೈ ಸಡಿಲ ಬಿಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮಂಡಿ ಬಿಗಿದು, ತೊಡೆ ಬಿಗಿದು, ಹಲ್ಲು ಕಚ್ಚಿ, ಮೊಣಕೈಯಿಂದ ಮೇಲಕ್ಕೆ ಮರದ ಕೊರಡಾಗಿದ್ದ ಕೈಯಿಂದ ಎಸೆದರು. ಪಟ್ಟಿಯ ನೆತ್ತಿಯಲ್ಲಿದ್ದ ಆ ಯೋಯೋ ಅರ್ಧ ದಾರಿಗೆ ಹೋಗಿ, ಹೆದರಿದ ಬೆಕ್ಕಿನ ಹಾಗೆ ತಿರುಗಿ ಮೇಲೆ ಓಡಿ ಬಂತು. ಒಂದು ಸೆಕೆಂಡು. ‘ಮಾನ್ಯ’ ಅನ್ನುವುದಕ್ಕೂ ಸಾಲದು. ಠರಾವನ್ನು ಮುಂದೂಡಲು, ಉಪಸಮಿತಿಗೆ ಕೊಡಲು, ಪರಿಶೀಲಿಸಲು, ಯಾವುದಕ್ಕೂ ಸಾಲದು. ಕೆಡವಿ ಅಂದರೆ ಇನ್ನೂ ಹದಿನೇಳು ಜನ ಹೆಂಗಸರು ಬಾಗಿಲಲ್ಲಿ ನಿಂತು ತನ್ನನ್ನು ಬಿಡುತ್ತಾರೋ ಇಲ್ಲವೋ ಅನ್ನುವುದನ್ನು ಆ ಒಂದು ಸೆಕೆಂಡಿನಲ್ಲೇ ಲೆಕ್ಕ ಹಾಕಿರಬೇಕು. ಬಾಯಿಂದ ಬಂದದ್ದು ಒಂದೇ ಮಾತು.

“ಇರ್ಲಿ!”

ಗುಮಾಸ್ತರು ‘ಶೌಚಾಲಯ ಇರಲಿ’ ಅಂತ ಬರೆದು ಮೊಹರು ಒತ್ತಿದರು. ಹದಿನಾಲ್ಕನೆಯವಳ ಯೋಯೋ ಅಂಗೈಗೆ ಬಂದು ಸೇರಿದ್ದೇ ತಡ, ಹನ್ನೊಂದು ಕುರ್ಚಿಗಳು ಹಿಂದಕ್ಕೆ ಬಿದ್ದವು. ಊರನ್ನಾಳುವವರು ಪಂಚೆ ಎತ್ತಿಕೊಂಡು ಸಭಾಭವನದ ಹಿಂದಿನ ಗೋಡೆಯ ಕಡೆ ಓಡಿದರು. ಗೋಡೆ ಉದ್ದವಿದೆ, ಎಲ್ಲರಿಗೂ ಜಾಗ ಸಿಕ್ಕಿತು. ಅಧ್ಯಕ್ಷರು ಗೋಡೆ ಮುಟ್ಟಿದರೋ ಇಲ್ಲವೋ ನಾನು ನೋಡಲಿಲ್ಲ. ಮರುದಿನ ಅವರ ಮನೆಯ ತಂತಿಯ ಮೇಲೆ ಜರಿ ಪಂಚೆ ಒಣಗುತ್ತಿತ್ತು, ನನಗೆ ಗೊತ್ತಿರುವುದು ಅಷ್ಟೇ. ನಾವು ಮೂವತ್ತೊಂದು ಜನ ಖಾಲಿ ಸಭೆಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕೆವು, ಅತ್ತೆವು, ಉಳಿದಿದ್ದ ಮಜ್ಜಿಗೆಯನ್ನು ಕೊಳಗ ಬಗ್ಗಿಸಿ ಕುಡಿದೆವು.

ಗೆದ್ದೆವು ಅಂತ ತಿಳಿದಿರಾ? ಒಂದು ಲೆಕ್ಕಕ್ಕೆ ಗೆದ್ದೆವು. ಮುಂದಿನ ಸಭೆಯಲ್ಲಿ ಹೊಸ ಕಾಯಿದೆ ಬಂತು, ಯೋಯೋ ತಿರುಗುತ್ತಿರುವಾಗ ಯಾರೂ ಸುಮ್ಮನೆ ನಿಲ್ಲಬಾರದು, ಏನಾದರೂ ಮಾತಾಡುತ್ತಲೇ ಇರಬೇಕು. ಅದನ್ನು ಮಂಡಿಸಿದವರು ಒಂಬತ್ತು ನಿಮಿಷ ಮಾತಾಡಿದರು. ಸ್ಕೂಲಿನಲ್ಲಿ ಮಕ್ಕಳಿಗೆ ಅಧ್ಯಕ್ಷರ ಅತಿ ಚಿಕ್ಕ ಭಾಷಣವನ್ನು ಬಾಯಿಪಾಠ ಮಾಡಿಸುತ್ತಿದ್ದಾರೆ. ಸ್ತ್ರೀಕುಲದ ಕಷ್ಟಕ್ಕೆ ಕರಗಿ, ತಮ್ಮ ಪ್ರತಿಮೆಯನ್ನೇ ತ್ಯಾಗ ಮಾಡಿ, ಒಂದೇ ನುಡಿಯಲ್ಲಿ ನ್ಯಾಯ ಕೊಟ್ಟ ಮಹಾನುಭಾವ ಅಂತ ಅವರಿಗೆ ಸನ್ಮಾನವೂ ಆಯಿತು. ಹಾರ ಕಟ್ಟಿಕೊಟ್ಟವಳು ತಾಯಮ್ಮ. ನಮ್ಮ ಯಜಮಾನರು ಆ ಸನ್ಮಾನಕ್ಕೆ ಹೋಗಿ, ಎದ್ದು ನಿಂತು, ಸಭೆಗೆ ಶುಭ ಕೋರಿ ಬಂದರು.

ಪ್ರತಿಮೆಗೆ ತಂದ ಕಂಚು ವ್ಯರ್ಥವಾಗಬಾರದು ಅಂತ ಶೌಚಾಲಯದ ಬಾಗಿಲ ಮೇಲೆ ಆಳೆತ್ತರದ ಫಲಕ ಹೊಡೆಸಿದ್ದಾರೆ. ‘ಇರಲಿ’ ಅಂತ ದಪ್ಪಕ್ಷರದಲ್ಲಿದೆ, ಕೆಳಗೆ ಮರಿಬಸಪ್ಪನವರ ಹೆಸರು, ಇಸವಿ, ಒಂದು ಕೈಯ ಚಿತ್ರ. ನಮ್ಮ ಹೆಸರು ಎಲ್ಲೂ ಇಲ್ಲ. ದಿನಾ ಬೆಳಿಗ್ಗೆ ನಾನು ಸೊಪ್ಪು ಜೋಡಿಸಿ, ಒಂದು ಚೊಂಬು ನೀರನ್ನು ಗಟಗಟ ಕುಡಿದು, ಮೆಹಬೂಬಿಯನ್ನು ಅಂಗಡಿಗೆ ಕೂರಿಸಿ, ಆ ಫಲಕದ ಕೆಳಗೇ ಹಾದು ಒಳಗೆ ಹೋಗುತ್ತೇನೆ. ಚಿಲಕ ಹಾಕಿಕೊಳ್ಳುತ್ತೇನೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿರುತ್ತೇನೆ.